ಎಡಪಕ್ಕೆಯ ಕೆಳಗಿನ ಅಳತೆ

ನೋಟೀಸು ಸಾಹೇಬರು ಸ್ಕ್ಯಾನಿಂಗ್ ಕೋಣೆಗೆ ಬಂದಾಗ ತಕ್ಷಣ ಗುರುತು ಸಿಗಲಿಲ್ಲ. ಶರಟಿನೊಳಗೆ ಮನುಷ್ಯ ಅರ್ಧವಾಗಿದ್ದರು. ಕಂಡ ಗೋಡೆಗೆಲ್ಲ ನೋಟೀಸು ಅಂಟಿಸುತ್ತಿದ್ದ ನಮ್ಮ ಆಸ್ಪತ್ರೆಯ ಹಳೆಯ ಮೇಲ್ವಿಚಾರಕರಿಗೆ ನಾವಿಟ್ಟ ಹೆಸರು ಅದು. ನಾನು ಮಾಸ್ಕ್ ಹಾಕಿದ್ದೆ. ಅವರಿಗೂ ನನ್ನ ಗುರುತು ಸಿಗಲಿಲ್ಲ.

ಮೂರು ವರ್ಷದ ಹಿಂದೆ ಸ್ಕ್ಯಾನ್ ಮಾಡುತ್ತಾ ಒಬ್ಬ ಅಜ್ಜಿಗೆ, "ಗಡ್ಡೆ ಸಣ್ಣದಾಗಿದೆ, ಹೆದರಬೇಡಿ" ಎಂದುಬಿಟ್ಟಿದ್ದೆ. ಫಲಿತಾಂಶ ಹೇಳುವುದು ಡಾಕ್ಟರ ಕೆಲಸ. ತಪ್ಪು ನನ್ನದೇ, ಈಗಲೂ ಒಪ್ಪುತ್ತೇನೆ. ಆದರೆ ಇವರು ಎಲ್ಲರೆದುರು ನಿಲ್ಲಿಸಿ, "ಸಂಜೆ ಕಾಲೇಜಲ್ಲಿ ಕಲಿತೋರಿಗೆ ಬಾಯಿ ಮೊದಲು, ಬುದ್ಧಿ ಆಮೇಲೆ" ಎಂದರು. ಹನ್ನೊಂದು ತಿಂಗಳು ನೆಲಮಾಳಿಗೆಯ ಫೈಲುಗಳ ನಡುವೆ ಕೂರಿಸಿದರು.

ಈಗ ಅವರಿಗೆ ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರು. ರೋಗ ಎಷ್ಟಿದೆಯೆಂದು ತಿಳಿಯಲು ಎಡಪಕ್ಕೆಯ ಕೆಳಗಿನ ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ಅಳೆಯಬೇಕು. ಅದು ಹಿಗ್ಗಿದ್ದರೆ ಮತ್ತೆ ಸೊಂಟದ ಮೂಳೆಗೆ ಸೂಜಿ ಇಳಿಸಿ ಮಜ್ಜೆ ತೆಗೆಯುತ್ತಾರೆ. ಕುಗ್ಗಿದ್ದರೆ ಸೂಜಿಯಿಲ್ಲ.

"ಆ ಸೂಜಿ ಇನ್ನೊಂದ್ಸಲ ನನ್ ಕೈಲಾಗಲ್ಲಮ್ಮ. ಮಗು ಥರ ಅತ್ತುಬಿಟ್ಟಿದ್ದೆ."

"ಎಡಗೈ ಮೇಲೆತ್ತಿ ಸರ್. ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ."

ಹದಿನಾಲ್ಕೂವರೆ ಸೆಂಟಿಮೀಟರು. ಹೋದ ಸಲ ಹದಿನೇಳು ದಾಟಿತ್ತು. ಸಿಟ್ಟಿಗೆ ಕೈ ತಪ್ಪಿತೇನೋ ಎಂಬ ಅನುಮಾನದಿಂದ ಮೂರು ಸಲ ಅಳೆದೆ. ಅಷ್ಟೇ ಬಂತು. ಅಳತೆಯಲ್ಲಿ ಮೋಸ ಮಾಡುವುದು ನನ್ನಿಂದಾಗದು; ಹದಿನಾಲ್ಕೂವರೆಯೆಂದೇ ಬರೆದೆ.

"ಎಷ್ಟಿದೆಮ್ಮ?"

"ರಿಪೋರ್ಟಲ್ಲಿ ಬರುತ್ತೆ."

"ಡಾಕ್ಟ್ರು ಸಿಗೋದು ಸೋಮವಾರ. ಇನ್ನೂ ನಾಕು ದಿನ! ಜಾಸ್ತಿನೋ ಕಮ್ಮಿನೋ, ಸುಮ್ನೆ ತಲೆ ಆಡ್ಸಮ್ಮ, ಸಾಕು."

"ನಾನು ಹೇಳೋ ಹಾಗಿಲ್ವಲ್ಲ ಸರ್. ಬಾಯಿ ಮುಂದೆ ಓಡಿದ್ರೆ ಎಲ್ಲಿಗೆ ಕಳಿಸ್ತಾರೆ ಅಂತ ನಿಮಗೇ ಗೊತ್ತು."

ಅವರು ನನ್ನ ಕಣ್ಣನ್ನೇ ನೋಡಿದರು. "ಅಯ್ಯೋ, ನೀನಾ," ಎಂದರು. "ಅವತ್ತು ನಾನು..."

"ಹೊಟ್ಟೆ ಒರೆಸ್ಕೊಳ್ಳಿ ಸರ್," ಎಂದು ಕಾಗದ ಕೊಟ್ಟೆ.

ಹೊರಗಿನ ಬೆಂಚಿನಲ್ಲಿ ಅವರು ಕುಸಿದು ಕೂತರು. ಶರಟಿನ ಮೇಲಿಂದಲೇ ಎಡಪಕ್ಕೆಯ ಕೆಳಗೆ ಒತ್ತಿ ನೋಡಿಕೊಂಡರು. ಒಂದು ಬೆರಳು, ಎರಡು ಬೆರಳು, ಮತ್ತೆ ಮೊದಲಿನಿಂದ. ಹಾಗೆ ಒತ್ತಿದರೆ ಏನೂ ತಿಳಿಯುವುದಿಲ್ಲ. ನಾನು ಒಂದು ಮಾತು ಹೇಳಿದ್ದರೆ ಈ ನಾಲ್ಕು ದಿನ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಮಾತು ನಾಲಿಗೆಯ ತುದಿಗೂ ಬಂದಿತ್ತು, ನುಂಗಿಕೊಂಡೆ.

ಮುಂದಿನ ರೋಗಿಯನ್ನು ಕರೆದೆ. ಬಾಗಿಲನ್ನು ಮಾತ್ರ ಅರ್ಧ ತೆರೆದೇ ಇಟ್ಟೆ, ಅವರು ಒತ್ತಿ ಒತ್ತಿ ನೋಡಿಕೊಳ್ಳುವುದು ನನಗೆ ಕಾಣುವಷ್ಟು.