ಬೋರಲು ತಟ್ಟೆ

ತೀರಿಕೊಂಡ ಅಮ್ಮನ ಕೂದಲಿನ ಸಿಕ್ಕು ಬಿಡಿಸುತ್ತಿದ್ದ ಮಗಳ ಕೈ ಅತ್ತೆಯ ಮಾತಿಗೆ ತಟ್ಟನೆ ನಿಂತಿತು.

“ಬಾಯಿಲ್ಲದ ಜೀವ ಕಣೇ ನಿಮ್ಮಮ್ಮ,” ಎಂದು ಅಪ್ಪನ ತಂಗಿ ಮೂಗು ಒರೆಸಿಕೊಂಡರು. “ನಮ್ಮಣ್ಣ ಹಾಕಿದ ಗೆರೆ ದಾಟಲಿಲ್ಲ. ಒಂದೇ ಒಂದು ಮಾತು ಎದುರಾಡಲಿಲ್ಲ.”

ಹಜಾರದಲ್ಲಿದ್ದ ನೆಂಟರು ಹೌದು ಹೌದೆಂದು ತಲೆಯಾಡಿಸಿದರು. ಬೆಳಗಿನಿಂದ ಇದೇ ಹೊಗಳಿಕೆ. ಹಸುವಿನಂಥವಳಂತೆ, ಮನೆಯಲ್ಲಿ ಇದ್ದಾಳೋ ಇಲ್ಲವೋ ಗೊತ್ತೇ ಆಗುತ್ತಿರಲಿಲ್ಲವಂತೆ. ಮಗಳಿಗೆ ಮೈಯೆಲ್ಲ ಉರಿಯಿತು. ಇನ್ನರ್ಧ ಗಂಟೆಗೆ ಅಮ್ಮನನ್ನು ಎತ್ತುತ್ತಾರೆ. ಯಾರೋ ಬೇರೆ ಹೆಂಗಸನ್ನು ಮಣ್ಣು ಮಾಡಿ ಬಂದಂತಾಗುತ್ತದೆ. ನಿಜ ಹೇಳೋಣವೆಂದರೆ ಮೂಲೆಯ ಕುರ್ಚಿಯಲ್ಲಿ ಅಪ್ಪ ಕುಗ್ಗಿ ಕೂತಿದ್ದಾರೆ. ಇಂಥ ದಿನ ಅವರ ಮರ್ಯಾದೆ ತೆಗೆಯಲು ಮನಸ್ಸು ಬರಲಿಲ್ಲ. ಮತ್ತೆ ಬಾಚಣಿಗೆ ಎತ್ತಿದಳು.

*

ಆಗ ಅವಳಿಗೆ ಹದಿನೇಳು. ಹಲ್ಲಿನ ಡಾಕ್ಟರ್ ಓದಿಗೆ ಸೀಟು ಸಿಕ್ಕಿತ್ತು, ಕಾಲೇಜು ಸೇರುವ ಅರ್ಜಿಗೆ ಅಪ್ಪನ ಸಹಿ ಬೇಕಿತ್ತು. ಅಪ್ಪ ಹೆಸರು ಮಾಡಿದ ದರ್ಜಿ. ಕತ್ತರಿ ಕೆಳಗಿಡದೆಯೇ, “ಓದಿದ್ದು ಸಾಕು, ಗಂಡು ನೋಡ್ತೀನಿ,” ಎಂದುಬಿಟ್ಟರು. ಅಮ್ಮ ಕಮಕ್ ಕಿಮಕ್ ಎನ್ನಲಿಲ್ಲ.

ಮಧ್ಯಾಹ್ನ ಎಲ್ಲರಿಗೂ ಬಡಿಸಿದಳು. ಅಪ್ಪನ ಜಾಗದಲ್ಲಿ ಮಾತ್ರ ತಟ್ಟೆ ಬೋರಲು, ಅದರಡಿ ಅರ್ಜಿ. ಅಪ್ಪ ಕೂಗಾಡಿದರು, ಹಾರಾಡಿದರು. ಅಮ್ಮ ಪಾತ್ರೆ ತೊಳೆಯಲು ಹೋದಳು. ಅವರ ಅಂಗಿಗೆ ಇಸ್ತ್ರಿ ತಪ್ಪಲಿಲ್ಲ, ಅಂಗಡಿಯಿಂದ ತಂದ ಬಟ್ಟೆಗೆ ಗುಂಡಿ ಹಚ್ಚುವುದೂ ನಿಲ್ಲಲಿಲ್ಲ. ಹೊತ್ತುಹೊತ್ತಿಗೂ ತಟ್ಟೆ ಮಾತ್ರ ಬೋರಲು. ಅಪ್ಪ ಹೋಟೆಲಿನಲ್ಲಿ ತಿಂದು ಹೊಟ್ಟೆ ಕೆಡಿಸಿಕೊಂಡರು. ನಾಲ್ಕನೆಯ ದಿನ ಅರ್ಜಿ ಎಳೆದುಕೊಂಡು ಸಹಿ ಜಡಿದರು, ತಟ್ಟೆಯನ್ನು ತಾವೇ ಮಗುಚಿ ಕೂತರು. ಅಮ್ಮ ಬಿಸಿಬಿಸಿ ಬಡಿಸಿದಳು, ಇನ್ನಷ್ಟು ಬೇಕಾ ಎಂದೂ ಕೇಳಿದಳು.

*

“ಒಂದು ಮಾತೂ ಎದುರಾಡಲಿಲ್ಲ, ಅದೇನೋ ನಿಜ,” ಎಂದಿತು ಮೂಲೆಯಿಂದ ಅಪ್ಪನ ದನಿ. “ತಟ್ಟೆ ಬೋರಲು ಹಾಕಿದಳು. ಮೂರು ದಿನ. ಈ ಮಗಳ ಓದಿಗೋಸ್ಕರ.”

“ಅಣ್ಣಾ, ಈಗ ಅದೆಲ್ಲ ಯಾಕೆ?” ಎಂದರು ಅತ್ತೆ.

“ಮತ್ತಿನ್ಯಾವಾಗ? ಬೆಳಗಿಂದ ಯಾರನ್ನೋ ಹೊಗಳ್ತಾ ಕೂತಿದೀರಿ. ನನ್ನ ಹೆಂಡ್ತಿ ಅಂಥವಳಲ್ಲ. ನಾನು ಸೋತೆ ಕಣೇ, ಅವಳು ಗೆದ್ದಳು. ನನ್ನ ಬಾಯಲ್ಲಿರೋ ಅಷ್ಟೂ ಹಲ್ಲು ಈ ಮಗಳು ಕಟ್ಟಿದ್ದು. ಅವತ್ತು ಅವಳು ತಟ್ಟೆ ಬೋರಲು ಹಾಕದೇ ಇದ್ದಿದ್ರೆ, ಇವತ್ತು ಬೊಚ್ಚುಬಾಯಿ ಬಿಟ್ಕೊಂಡು ಕೂತಿರ್ತಿದ್ದೆ.”

ಯಾರೋ ಕಿಸಕ್ಕೆಂದರು. ತಡೆದುಕೊಂಡಿದ್ದವರೂ ನಕ್ಕರು. ಮಗಳು ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟು ಅತ್ತಳು, ಅಳುತ್ತಲೇ ನಕ್ಕಳು.

ಅಮ್ಮನನ್ನು ಎತ್ತಿ ಬೀದಿಗೆ ತಂದಾಗಲೂ ನಗು ಪೂರ್ತಿ ನಿಂತಿರಲಿಲ್ಲ. ಎದುರಿಗೆ ಬಂದವರು ದಾರಿ ಬಿಟ್ಟು, ಏನೆಂದು ತಿಳಿಯದೆ ನೋಡಿದರು. ಎಲ್ಲರಿಗಿಂತ ಮುಂದೆ ಅಪ್ಪ, ಕೆನ್ನೆಯೆಲ್ಲ ಒದ್ದೆ, ಅಷ್ಟೂ ಹಲ್ಲು ಕಾಣುವಂತೆ ನಗುತ್ತ ನಡೆಯುತ್ತಿದ್ದರು.