ಗೂಟದ ಕಣ್ಣು

ಗ್ಲೆನಿಸ್ ಅಂಗಡಿಯೊಳಗೆ ನಿಂತುಕೊಂಡೇ ಸ್ಕೀಯಿಂಗಿನ ದಪ್ಪ ಕೈಗವಸು ಹಾಕಿಕೊಂಡಳು. ಒಳಗೆ ಹೀಟರು ಉರಿಯುತ್ತಿತ್ತು. ಕೌಂಟರಿನ ಮೇಲೆ ಮೂರು ಹಳೆಯ ವಿಡಿಯೋ ಕ್ಯಾಮೆರಾಗಳಿದ್ದವು. ಅವುಗಳಲ್ಲಿ ಚಿಕ್ಕದನ್ನು ಎತ್ತಿ, ಗವಸಿನ ಹೆಬ್ಬೆರಳಿನಿಂದ ಕೆಂಪು ಗುಂಡಿ ಒತ್ತಿದಳು. ಸಿಗಲಿಲ್ಲ. ಇನ್ನೊಮ್ಮೆ ಒತ್ತಿದಾಗ ಅಕ್ಕಪಕ್ಕದ ಗುಂಡಿಗಳೂ ಒತ್ತಿಹೋಗಿ ಕ್ಯಾಮೆರಾ ತನ್ನ ಟೇಪನ್ನು ಹೊರಗೆ ಉಗುಳಿತು.

"ಇದು ಬೇಡ," ಎಂದಳು.

"ಗವಸು ತೆಗೆದು ಒತ್ತಿ ನೋಡಿ, ಬೆಣ್ಣೆ ಥರ ಹೋಗುತ್ತೆ," ಎಂದ ಅಂಗಡಿಯ ಕ್ಲಿಫ್. "ಮದುವೆ ಗಿದುವೆಗೆಲ್ಲ ಜನ ಇದನ್ನೇ ಕೇಳೋದು."

"ನಾನು ಮದುವೆಗೆ ಹೋಗ್ತಿಲ್ಲ. ಮುಗಿಸ್ಕೊಂಡೇ ಬಂದಿದೀನಿ."

ಜೊತೆಗೆ ಬಂದಿದ್ದ ಗೆಳತಿ ನೋಯೆಲೀನ್ ಸುಮ್ಮನೆ ಕೆಮ್ಮಿದಳು. ಕ್ಲಿಫ್ ಎರಡನೆಯದನ್ನು ಮುಂದೆ ತಳ್ಳಿ, ಅದರ ಪಕ್ಕದಿಂದ ಬಾಗಿಲಿನಂತೆ ತೆರೆಯುವ ಪುಟ್ಟ ಪರದೆಯನ್ನು ತೋರಿಸಿದ. ಗ್ಲೆನಿಸ್ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದಳು.

"ಇದ್ರಲ್ಲಿ ಕಾಣ್ತಿರೋದು ನನ್ನ ಮೂಗು. ಹಿಮದ ಮೇಲೆ ಬಿಸಿಲು ಬಿದ್ರೆ ಅದೂ ಕಾಣಲ್ಲ. ಕಣ್ಣಿಟ್ಟು ನೋಡೋ ತೂತು ಇದೆ ಸರಿ, ಆದ್ರೆ ತೀರಾ ಸಣ್ಣದು. ಇರ್ಲಿ, ಪಕ್ಕಕ್ಕಿಡಿ."

ಮೂರನೆಯದು ತೂಕದ್ದು. ಒಂದು ಮೂಲೆ ತಗ್ಗಾಗಿತ್ತು, ಮೇಲಿನ ಅಕ್ಷರಗಳು ಸವೆದುಹೋಗಿದ್ದವು. ಗವಸಿನ ಬೆರಳಿಗೆ ಗುಂಡಿ ತಾನಾಗಿ ಸಿಕ್ಕಿತು. ದೂರದ ಬೋರ್ಡನ್ನು ಹತ್ತಿರಕ್ಕೆ ಎಳೆದು ನೋಡಿದಳು, ಮತ್ತೆ ದೂರ ತಳ್ಳಿದಳು. ಆಮೇಲೆ ಕ್ಯಾಮೆರಾವನ್ನು ಬೋರಲು ಹಾಕಿ, ಗವಸು ಕಳಚಿ, ಅಡಿಯಲ್ಲಿದ್ದ ತಿರುಪಿನ ತೂತಿಗೆ ಕಿರುಬೆರಳು ಇಟ್ಟು ಒಳಗಿನ ತಿರುಪುಗೆರೆ ಸವೆದಿದೆಯೇ ಎಂದು ಸವರಿದಳು.

"ಮೂರು ಕಾಲಿನ ಸ್ಟ್ಯಾಂಡು ಇದೆ, ಬೇಕಾದ್ರೆ ಒಟ್ಟಿಗೆ ಕೊಡ್ತೀನಿ," ಎಂದ ಕ್ಲಿಫ್.

"ಬೇಡ. ನನ್ನ ಹತ್ರ ಗೂಟ ಇದೆ."

ಗೂಟ ಎಂಬ ಮಾತು ಕಿವಿಗೆ ಬಿದ್ದದ್ದೇ ನೋಯೆಲೀನ್ ಅತ್ತ ತಿರುಗಿ, ಹಳೆಯ ಚಹಾ ಕಪ್ಪುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

"ಈಗ ಈ ಎರಡರ ಬ್ಯಾಟರೀನೂ ಪಕ್ಕದಂಗಡಿಯ ಐಸ್‌ಕ್ರೀಮ್ ಪೆಟ್ಟಿಗೇಲಿ ಇಡೋಣ," ಎಂದಳು ಗ್ಲೆನಿಸ್. "ನಾವು ಪೈ ತಿಂದು ಬರ್ತೀವಿ. ಬಂದಾಗ ಯಾವುದು ಬದುಕಿರುತ್ತೋ ಅದು ನಂದು."

ಹಳೆ ಸಾಮಾನು ಕೊಳ್ಳಲು ಬಂದವರು ತಟ್ಟಿ ನೋಡುವುದನ್ನು, ಮೂಸಿ ನೋಡುವುದನ್ನು ಕ್ಲಿಫ್ ಕಂಡಿದ್ದ. ಬ್ಯಾಟರಿಯನ್ನು ಐಸ್‌ಕ್ರೀಮಿನ ಪಕ್ಕ ಮಲಗಿಸಿ ನೋಡುವವರು ಇದೇ ಮೊದಲು. ಆದರೂ ತೆಗೆದುಕೊಂಡು ಹೋದ. ಭೂಮಿಯ ದಕ್ಷಿಣದ ಆ ಟಿಮರು ಊರಿನಲ್ಲಿ ಜೂನ್ ಎಂದರೆ ಚಳಿಗಾಲ, ವ್ಯಾಪಾರ ಅಷ್ಟಕ್ಕಷ್ಟೇ.

ಇಬ್ಬರೂ ಬೀದಿಯ ಬೆಂಚಿನ ಮೇಲೆ ಕೂತು ಬಿಸಿ ಮಾಂಸದ ಪೈ ಬಿಚ್ಚಿದರು. ನೋಯೆಲೀನ್ ಒಂದು ತುತ್ತು ತಿಂದು, ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟಳು.

"ಇನ್ನೂ ಅದನ್ನೇ ಮನಸ್ಸಲ್ಲಿಟ್ಕೊಂಡಿದೀಯೇನೇ?"

"ನೀನೂ ನಕ್ಕೆ."

"ಎಲ್ರೂ ನಕ್ರು ಕಣೇ. ನಗು ಬಂತು, ನಕ್ಕೆ."

"ಅದನ್ನೇ ಹೇಳ್ತಿರೋದು."

ನಡೆದದ್ದು ಇಷ್ಟು. ಗ್ಲೆನಿಸ್ ಮತ್ತು ಅವಳ ಗಂಡ ರಸೆಲ್ ಕಳೆದ ಬೇಸಿಗೆಯಲ್ಲಿ ಬೇರೆಯಾದರು. ನಾಯಿ ಅವಳಿಗೆ, ಕ್ಯಾಮೆರಾ ಅವನಿಗೆ, ಗೆಳೆಯರು ಇಬ್ಬರಿಗೂ ಎಂದು ಹಂಚಿಕೆಯಾಯಿತು. ಆದರೆ ಗೆಳೆಯರು ಕ್ಯಾಮೆರಾದ ಹಿಂದೆಯೇ ಹೋದರು. ಈಸ್ಟರ್‌ನಲ್ಲಿ ಮೌಂಟ್ ಹಾರ್ಲೋ ಸ್ಕೀ ಕ್ಲಬ್ಬಿನವರೆಲ್ಲ ಎಂದಿನಂತೆ ಬೆಟ್ಟ ಹತ್ತಿ, ಚಳಿಗಾಲಕ್ಕೆ ಮುಂಚಿನ ಕೆಲಸಕ್ಕೆ ಸೇರಿದ್ದರು. ಜನರನ್ನು ಇಳಿಜಾರಿನ ಮೇಲಕ್ಕೆ ಎಳೆಯುವ ಹಗ್ಗದ ಗಾಲಿಗಳಿಗೆ ಎಣ್ಣೆ ಹಾಕುವುದು, ಇಳಿಜಾರಿನ ಅಂಚಿಗೆ ಗೂಟ ನೆಡುವುದು, ಇಂಥವು. ಸೂಪು ಕುಡಿಯುವ ಹೊತ್ತಿನಲ್ಲಿ ಯಾರೋ, "ಇನ್ಮೇಲೆ ನಮ್ಮನ್ನ ಫಿಲ್ಮ್ ಮಾಡೋರು ಯಾರಪ್ಪ?" ಎಂದರು. ರಸೆಲ್ ಆಗತಾನೆ ನೆಟ್ಟ ಗೂಟದ ತಲೆ ತಟ್ಟಿ ಹೇಳಿದ: "ಅದಕ್ಕೇನು, ಒಂದು ಗೂಟ ಸಾಕು. ಗ್ಲೆನಿಸ್ ಇಷ್ಟು ವರ್ಷ ಮಾಡಿದ್ದೂ ಅದೇ ತಾನೆ?"

ಗ್ಲೆನಿಸ್ ಆಚೆ ಪಕ್ಕದಲ್ಲಿ ಹಾರೆ ಹಿಡಿದು ನಿಂತಿದ್ದಳು. ಆ ನಗುವಿನಲ್ಲಿ ಒಂದೊಂದು ಗಂಟಲೂ ಯಾರದೆಂದು ಅವಳಿಗೆ ಗೊತ್ತಾಯಿತು. ಕ್ಷಮಿಸಿಬಿಡು ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಕ್ಷಮಿಸುವುದಕ್ಕೆ ಅವಳಿಗೆ ಯಾವ ಅವಸರವೂ ಇರಲಿಲ್ಲ.

ಏಕೆಂದರೆ ರಸೆಲ್‌ನನ್ನು ಹಾರ್ಲೋ ಬೆಟ್ಟದ ಹುಲಿ ಮಾಡಿದವಳೇ ಅವಳು. ಇಳಿಜಾರಿನ ಬುಡದಲ್ಲಿ ಹಿಮದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕ್ಯಾಮೆರಾವನ್ನು ಮೇಲಕ್ಕೆ ಹಿಡಿದರೆ, ಹುಲ್ಲುಗಾವಲಿನಂಥ ಇಳಿಜಾರೂ ಗೋಡೆಯಂತೆ ಕಾಣುತ್ತದೆ. ಬಿಸಿಲು ಪಕ್ಕಕ್ಕೆ ಬರುವವರೆಗೆ ಕಾದರೆ ಅವನ ಕಾಲಿನಿಂದ ಚಿಮ್ಮುವ ನಾಲ್ಕು ಹನಿ ಹಿಮವೂ ಹೊಗೆಯಾಗಿ ಮಿಂಚುತ್ತದೆ. ಅವನ ಮೊಣಕಾಲು ಸೆಟೆದದ್ದು ಕಂಡ ಕೂಡಲೇ ಗುಂಡಿ ಒತ್ತಿ ನಿಲ್ಲಿಸಬೇಕು. ಅಲ್ಲಿಂದ ಎರಡು ತಿರುವಿಗೆ ಅವನು ಬೀಳುತ್ತಾನೆ. ಹೀಗೆ ಹದಿನೈದು ಚಳಿಗಾಲ ಅವನ ಒಂದು ಬೀಳುವಿಕೆಯೂ ಟೇಪಿಗೆ ಹತ್ತಲಿಲ್ಲ. ಅವಳದೊಂದು ನೆರಳೂ ಹತ್ತಲಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಕ್ಲಬ್ಬಿನ ಸಿನಿಮಾ ಸಂಜೆಯಲ್ಲಿ, ಗೋಡೆಗೆ ಕಟ್ಟಿದ ಹಾಸಿಗೆ ಬಟ್ಟೆಯ ಮೇಲೆ ಅವನು ಹಾರಿ ಹಾರಿ ಇಳಿಯುತ್ತಿದ್ದ, ಜನ ಮೇಜು ಕುಟ್ಟುತ್ತಿದ್ದರು.

"ಅವನು ಹೇಗಿದಾನೋ ಹಾಗೇ ಕಾಣ್ಬೇಕು ಅಷ್ಟೇ," ಎಂದಳು ಗ್ಲೆನಿಸ್, ಪೈಯ ಕೊನೆಯ ಚೂರು ಬಾಯಿಗೆ ಹಾಕಿಕೊಂಡು. "ಸಿನಿಮಾ ಸಂಜೇಲಿ, ಎಲ್ರೆದುರಿಗೆ. ನಾನು ಸುಳ್ಳು ಸೇರಿಸಲ್ಲ, ಬಣ್ಣ ಹಚ್ಚಲ್ಲ, ಕ್ಯಾಮೆರಾನೂ ಹಿಡಿಯಲ್ಲ. ಗೂಟ ಸಾಕು ಅಂದ. ಗೂಟಕ್ಕೇ ಕಟ್ತೀನಿ."

"ಅಯ್ಯೋ ದೇವ್ರೇ," ಎಂದಳು ನೋಯೆಲೀನ್. ಅವಳ ಮುಖದಲ್ಲಿ ಮರುಕಕ್ಕಿಂತ ಕುತೂಹಲವೇ ಹೆಚ್ಚಿತ್ತು. "ಅವನಿಗೆ ತಡ್ಕೊಳೋಕಾಗಲ್ಲ ಕಣೇ."

"ಆಗಬಾರದು."

ಅಂಗಡಿಗೆ ಮರಳಿದಾಗ ಪರದೆ ಕ್ಯಾಮೆರಾ ಒಮ್ಮೆ ಕಣ್ಣು ಬಿಟ್ಟು ಮುಚ್ಚಿತು. ತಗ್ಗಾದ ಮೂಲೆಯದು ಗೊರಗೊರ ಎನ್ನುತ್ತ ಟೇಪು ಸುತ್ತತೊಡಗಿತು. ಬ್ಯಾಟರಿಗೆ ಅಂಟಿದ್ದ ಹಿಮದ ಪುಡಿಯನ್ನು ಗ್ಲೆನಿಸ್ ತನ್ನ ಸ್ವೆಟರಿನ ತೋಳಿನಿಂದ ಒರೆಸಿದಳು. ಮುದುಕಿಗೆ ಜೀವ ಗಟ್ಟಿ, ಎಂದು ಕ್ಲಿಫ್ ಕ್ಯಾಮೆರಾ ತಟ್ಟಿ ತಮಾಷೆ ಮಾಡಿದ. ಅವಳು ಚೌಕಾಸಿ ಮಾಡದೆ ಕೊಂಡಳು.

ಆಗಸ್ಟಿನಲ್ಲಿ ಗೆಳೆಯರ ಗುಂಪು ಪ್ರತಿವರ್ಷದಂತೆ ಒಂದು ವಾರ ಸ್ಕೀ ಮಾಡಲು ಬೆಟ್ಟದ ಮೇಲಿನ ಕ್ಲಬ್ಬಿನ ಗುಡಿಸಲು ಸೇರಿತು. ರಸೆಲ್ ತನ್ನ ಕ್ಯಾಮೆರಾವನ್ನು ಅವರಿವರ ಕೈಗೆ ಕೊಟ್ಟು ನೋಡಿದ. ಒಬ್ಬರು ಅವನ ತಲೆ ಕತ್ತರಿಸಿದರು, ಇನ್ನೊಬ್ಬರು ಬರೀ ಆಕಾಶ ಹಿಡಿದರು. ಕೊನೆಗೆ ಬ್ಯಾಟರಿಯೇ ಚಳಿಗೆ ಸತ್ತಿತು. ಅದನ್ನು ಹಿಂದೆಲ್ಲ ಗ್ಲೆನಿಸ್ ತನ್ನ ಒಳಅಂಗಿಯೊಳಗೆ ಬೆಚ್ಚಗಿಟ್ಟುಕೊಂಡಿರುತ್ತಿದ್ದಳೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಗ್ಗೆ ಅವಳು ಇಳಿಜಾರಿನ ಅಂಚಿನ ಗೂಟದ ತಲೆಗೆ ಒಂದು ಬೋಲ್ಟು ಹಾಕಿ, ಅದರ ಮೇಲೆ ತನ್ನ ಕ್ಯಾಮೆರಾ ತಿರುಪಿದಳು. ಆಚೆ ಕಣಿವೆಯ ಅಡ್ಡಗೆರೆ ನೇರವಾಗಿ ಕೂರುವವರೆಗೆ ಕಣ್ಣಿಟ್ಟು ನೋಡಿದಳು. ಗಾಳಿ ಬಡಿಯದಿರಲೆಂದು ತನ್ನ ಬೂದು ಬಣ್ಣದ ಉದ್ದ ಕೋಟನ್ನು ಕಳಚಿ ಗೂಟಕ್ಕೆ ಸುತ್ತಿದಳು. ಇಷ್ಟು ವರ್ಷ ಹಿಮದಲ್ಲಿ ಮಲಗಿದ ಕೋಟು ಅದು. ಅದಿಲ್ಲದೆ ಅವಳನ್ನು ಬೆಟ್ಟದ ಮೇಲೆ ಯಾರೂ ನೋಡಿರಲಿಲ್ಲ.

ರಸೆಲ್ ಸಾಲಿನಲ್ಲಿ ನಿಂತಿದ್ದವನು ಕೂಗಿದ, "ಏನು ಗ್ಲೆನಿಸ್, ಗೂಟಕ್ಕೆ ಕೆಲ್ಸ ಕೊಟ್ಯಾ?"

"ನೀನೇ ಹೇಳಿದ್ಯಲ್ಲ, ಒಂದು ಸಾಕು ಅಂತ."

ಅವನು ಗಟ್ಟಿಯಾಗಿ ನಕ್ಕ. ಸೊಂಟಕ್ಕೆ ಕಟ್ಟಿದ ಅಡಕತ್ತರಿಯಂಥ ಕಬ್ಬಿಣದ ಹಿಡಿಯನ್ನು ಓಡುವ ಹಗ್ಗಕ್ಕೆ ಕಚ್ಚಿಸಿ ಮೇಲೆ ಹೋದ. ಗೂಟದ ಮುಂದೆ ಇಳಿಯುವಾಗ ಕೈ ಬೀಸಿದ. ಕ್ಯಾಮೆರಾ ಎಂದರೆ ಅವನಿಗೆ ಅಷ್ಟು ನಂಬಿಕೆ. ಅದು ಯಾವತ್ತೂ ಅವನಿಗೆ ಕೇಡು ಬಗೆದಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದರು. ಗ್ಲೆನಿಸ್ ಇಳಿಯಲಿಲ್ಲ.

ಅಕ್ಟೋಬರಿನ ಸಿನಿಮಾ ಸಂಜೆಗೆ ಬೆಟ್ಟದ ಬುಡದ ಕ್ಲಬ್ ಮನೆ ತುಂಬಿತ್ತು. ಕೆನೆ ಹಚ್ಚಿದ ಪಾವ್ಲೋವಾ ಕೇಕುಗಳು ಸಾಲಾಗಿದ್ದವು. ಅಲ್ಲಿ ಹಳೆಯದೊಂದು ನಿಯಮವಿದೆ: ಯಾರ ಟೇಪೇ ಆಗಲಿ, ಒಮ್ಮೆ ಹಾಕಿದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದವರು ಅಷ್ಟೂ ಜನರ ತಟ್ಟೆ ತೊಳೆಯಬೇಕು. ರಸೆಲ್ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. ಗ್ಲೆನಿಸ್‌ಳ ಟೇಪನ್ನು ಪ್ರೊಜೆಕ್ಟರಿನ ಡೆರಿಕ್ ಹಾಕಿದ.

ಬಟ್ಟೆಯ ಮೇಲೆ ಹಾರ್ಲೋ ಬೆಟ್ಟ ಬಂತು. ಯಾರೋ, "ಇದ್ಯಾವ ಮೈದಾನ?" ಎಂದರು. ಗೋಡೆಯಂತಿದ್ದ ಇಳಿಜಾರು ಕುರಿ ಮೇಯುವ ದಿಬ್ಬದಂತಿತ್ತು. ಅದರ ಮೇಲೆ ಒಬ್ಬ ಮನುಷ್ಯ ಹಿಂಭಾಗ ಹೊರಹಾಕಿ, ಕಮೋಡು ಹುಡುಕುವವನಂತೆ ಕುಕ್ಕರಿಸಿ, ನಿಧಾನವಾಗಿ ಬಂದ. ಕ್ಯಾಮೆರಾಕ್ಕೆ ಕೈ ಬೀಸಿದ. ಬಿದ್ದ. ಬಿದ್ದವನು ಮೊದಲು ಮಾಡಿದ ಕೆಲಸವೆಂದರೆ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದ್ದು.

ನಗು ಹಿಂದಿನ ಸಾಲಿನಿಂದ ಶುರುವಾಯಿತು. ಅವನು ಎರಡನೆಯ ಸಲ ಬಿದ್ದಾಗ ಅದು ಮುಂದಿನ ಸಾಲಿಗೂ ಬಂತು. ಮೂರನೆಯ ಸಲ ಅವನು ಕಡಿದಾದ ಕೊರಕಲಿನ ಅಂಚಿಗೆ ಬಂದು, ಇಣುಕಿ, ಮೆಲ್ಲನೆ ಅಡ್ಡ ಸರಿದು ಸುಲಭದ ದಾರಿ ಹಿಡಿದ. ಈ ಕೊರಕಲನ್ನು ಹಾರಿ ಇಳಿದ ಕಥೆಯನ್ನು ಅವನು ಎಷ್ಟು ಚಳಿಗಾಲ ಹೇಳಿದ್ದನೋ. ಮನೆ ಬಿದ್ದುಹೋಗುವಂತೆ ನಕ್ಕರು. ರಸೆಲ್‌ನ ಕಿವಿ ಕೆಂಪಾದವು. ಅವನು ಎದ್ದು ಪ್ರೊಜೆಕ್ಟರಿನತ್ತ ಕೈ ಚಾಚಿದ.

"ತಟ್ಟೆ, ರಸೆಲ್, ತಟ್ಟೆ," ಎಂದು ಹತ್ತು ಬಾಯಿ ಕೂಗಿದವು. ಅವನು ಕೂತ.

ಗ್ಲೆನಿಸ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದೊಂದು ನಗುವನ್ನೂ ಈಸ್ಟರಿನ ನಗುವಿನ ಜೊತೆಗಿಟ್ಟು ತೂಗಿದಳು. ಪಾವ್ಲೋವಾದ ಕೆನೆಯನ್ನು ಚಮಚದಲ್ಲಿ ಸಾವಕಾಶವಾಗಿ ತಿಂದಳು. ಇಷ್ಟು ರುಚಿಯಾಗಿ ಅವಳು ಅಲ್ಲಿ ಯಾವತ್ತೂ ತಿಂದಿರಲಿಲ್ಲ.

ಬಟ್ಟೆಯ ಮೇಲಿನ ಇಳಿಜಾರು ಈಗ ಖಾಲಿಯಾಗಿತ್ತು. ಆಗ ಕೊರಕಲಿನ ನೆತ್ತಿಯಲ್ಲಿ ಹಸಿರು ಸ್ವೆಟರಿನ ಒಂದು ಆಕೃತಿ ಕಾಣಿಸಿತು. ಅದು ಇಣುಕಲಿಲ್ಲ, ನಿಲ್ಲಲಿಲ್ಲ. ಕೊರಕಲಿನೊಳಗೆ ಇಳಿದೇಬಿಟ್ಟಿತು. ಗೂಟದ ಕಣ್ಣಿಗೂ ಆ ಜಾಗ ಕಡಿದಾಗಿ ಕಂಡಿತು. ಆಕೃತಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗುತ್ತ ಬಂತು. ಎರಡು ಕೈಯಲ್ಲೂ ಕೋಲು, ಭುಜ ಅಲುಗದು. ನಗುತ್ತಿದ್ದವರು ಒಬ್ಬೊಬ್ಬರಾಗಿ ನೆಟ್ಟಗೆ ಕೂತರು.

"ಯಾರೇ ಅದು?" ಎಂದು ನೋಯೆಲೀನ್ ಪಿಸುಗುಟ್ಟಿದಳು.

ಗ್ಲೆನಿಸ್ ಚಮಚ ಕೆಳಗಿಟ್ಟಳು. ಈ ಪ್ರಶ್ನೆಯನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ನಮ್ಮೋರಲ್ಲ," ಎಂದ ಡೆರಿಕ್ ಹಿಂದಿನಿಂದ. "ಯಾವುದೋ ಬೇರೆ ಕ್ಲಬ್ಬಿನೋಳು. ಏನು ಬರ್ತಾಳೆ ನೋಡ್ರಪ್ಪ."

ಯಾರೂ ಹೆಸರು ಹೇಳಲಿಲ್ಲ. ಅವಳ ಕೈಯ ಸೂಪು ಕುಡಿದವರು, ಅವಳ ಪಕ್ಕದ ಹಾಸಿಗೆಯಲ್ಲಿ ಗೊರಕೆ ಹೊಡೆದವರು, ಎಲ್ಲರೂ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ರಸೆಲ್ ಒಬ್ಬ ಮಾತ್ರ ನೆಲ ನೋಡುತ್ತಿದ್ದ. ಆ ಬೆನ್ನಿನ ಹಿಂದೆಯೇ ಅವನು ಸ್ಕೀ ಕಲಿತವನು. ಅವನಿಗೆ ಮೊದಲ ತಿರುವಿಗೇ ಗೊತ್ತಾಗಿತ್ತು.

"ರಸೆಲ್," ಎಂದಳು ಗ್ಲೆನಿಸ್. ಅವಳ ದನಿಯಲ್ಲಿ ಕೆನೆಯ ಸಿಹಿ ಉಳಿದಿರಲಿಲ್ಲ. "ಹೇಳು ಅವರಿಗೆ."

ಅವನು ತಲೆ ಎತ್ತಲಿಲ್ಲ. "ಗ್ಲೆನಿಸ್," ಎಂದ.

"ಏನು, ಗ್ಲೆನಿಸ್‌ನ ಯಾಕೆ ಕರೀತೀಯ?" ಎಂದ ಡೆರಿಕ್.

"ಕರೀತಿಲ್ಲಪ್ಪ. ಅದು ಗ್ಲೆನಿಸ್."

ಬಟ್ಟೆಯ ಮೇಲಿನ ಹೆಂಗಸು ನೇರ ಗೂಟದ ಬಳಿಗೇ ಬಂದಳು. ಮುಖ ದೊಡ್ಡದಾಯಿತು, ಉಸಿರಿನ ಹಬೆ ಕಂಡಿತು, ಗವಸಿನ ಹೆಬ್ಬೆರಳು ಮುಂದೆ ಬಂತು. ಬೆಳಕು ಆರಿತು. ನೋಯೆಲೀನ್ ಅವಳ ಕೈ ಹಿಡಿಯಲು ಬಂದಳು. ಗ್ಲೆನಿಸ್ ಕೊಡಲಿಲ್ಲ.

"ಇನ್ನೊಂದ್ಸಲ ಹಾಕಪ್ಪ," ಎಂದು ಯಾರೋ ಕತ್ತಲಲ್ಲಿ ಮೆಲ್ಲಗೆ ಹೇಳಿದರು.

ರಸೆಲ್ ಎದ್ದು, ಸಾಲಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಒಳಗೆ ಹೋದ. ಅಡುಗೆಕೋಣೆಯ ನಲ್ಲಿ ಬಿಟ್ಟ ಸದ್ದಾಯಿತು. ಡೆರಿಕ್ ಟೇಪನ್ನು ಹಿಂದಕ್ಕೆ ತಿರುಗಿಸಿದ. ಬಟ್ಟೆಯ ಮೇಲೆ ಹಸಿರು ಸ್ವೆಟರಿನ ಹೆಂಗಸು ಗೂಟಕ್ಕೆ ಮುಖ ಮಾಡಿಕೊಂಡೇ ಹಿಂದು ಹಿಂದಕ್ಕೆ ಸರಿದು, ಕೊರಕಲಿನೊಳಗೆ ಏರತೊಡಗಿದಳು. ಅವಳು ಹಾಯ್ದ ಕಡೆಯಲ್ಲೆಲ್ಲ ಚಿಮ್ಮಿದ್ದ ಹಿಮ ಮರಳಿ ಬಂದು ಹೆಜ್ಜೆಗೆರೆಯ ಮೇಲೆ ಕೂತು, ಇಳಿಜಾರು ಮತ್ತೆ ಬೆಳ್ಳಗಾಗುತ್ತ ಹೋಯಿತು.