ಬೀಗತಿ ಕೊಟ್ಟ ಮಾರ್ಕ್ಸ್

ಕನ್ನಡಕದಂಗಡಿಯ ಯಜಮಾನರಿಗೆ ಸಿಗರೇಟಿನ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ. ಹಳೆಯ ಕಾಮಿಕ್ಸ್ ಕೂಡಿಡುವ ಚಟವಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಮುಂದುಗಡೆ ಫ್ರೇಮುಗಳು, ನಡುವೆ ಕಣ್ಣು ಪರೀಕ್ಷೆಯ ಕುರ್ಚಿ, ಅದರ ಹಿಂದೆ ಒಂದು ಪರದೆ, ಪರದೆಯ ಹಿಂದೆ ಕಾಮಿಕ್ಸ್. ಒಂದೊಂದಕ್ಕೂ ಒಂದು ಪ್ಲಾಸ್ಟಿಕ್ ಲಕೋಟೆ, ಬೆನ್ನು ಬಾಗದಂತೆ ಒಳಗೊಂದು ರಟ್ಟು. ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆಂದು ಆ ಕೋಣೆಯ ಕಿಟಕಿಗೆ ಇಟ್ಟಿಗೆ ಕಟ್ಟಿಸಿಬಿಟ್ಟಿದ್ದರು. ಮೇಲಿನ ಅಡುಗೆಮನೆಯ ಕಿಟಕಿಯ ಒಡೆದ ಗಾಜು ಬದಲಾಯಿಸಿಕೊಡಿ ಎಂದು ಹೆಂಡತಿ ಹೇಳುತ್ತಲೇ ಇದ್ದಳು, ಅದಕ್ಕೆ ಮಾತ್ರ ಪುರುಸೊತ್ತಾಗಿರಲಿಲ್ಲ.

ಇಂಥ ಚಟದವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿಹಾಕಿದ್ದು ಇಂಟರ್ನೆಟ್ಟು. ‘ಹಳೇ ಕಾಮಿಕ್ಸ್ ಬಳಗ’ ಎಂಬ ಗುಂಪಿನಲ್ಲಿ ಯಾರೂ ಸ್ವಂತ ಹೆಸರಿನಲ್ಲಿರಲಿಲ್ಲ. ಯಜಮಾನರು ಅಲ್ಲಿ ‘ಭೂತಗನ್ನಡಿ’. ಮಾರುವವರು ಪುಸ್ತಕದ ಫೋಟೋ ಹಾಕಿ, ಅದರ ಸ್ಥಿತಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಬರೆಯಬೇಕು. ಮೂಲೆ ಮಡಚಿದ್ದರೆ ಅರ್ಧ ಹೋಯಿತು. ಪಿನ್ನಿಗೆ ತುಕ್ಕು ಹಿಡಿದಿದ್ದರೆ ಇನ್ನರ್ಧ. ಯಾರಾದರೂ ಪುಣ್ಯಾತ್ಮ ಮುಖಪುಟದ ನಾಯಕಿಗೆ ಮೀಸೆ ಬರೆದಿದ್ದರೆ ಎರಡು. ತಮ್ಮ ಪುಸ್ತಕಕ್ಕೆ ಎಲ್ಲರೂ ಒಂದಂಕ ಏರಿಸಿಕೊಳ್ಳುತ್ತಿದ್ದರು, ಕೊಳ್ಳುವಾಗ ಇನ್ನೊಬ್ಬರದಕ್ಕೆ ಒಂದಂಕ ಇಳಿಸುತ್ತಿದ್ದರು. ಒಟ್ಟಾರೆ ಸರಿಹೋಗುತ್ತಿತ್ತು. ಗುಂಪು ನೆಮ್ಮದಿಯಾಗಿತ್ತು.

ಆ ನೆಮ್ಮದಿ ಕೆಟ್ಟದ್ದು ಯಜಮಾನರ ಕೈಯಾರೆ.

ಅವರ ಮಗನಿಗೆ ಮದುವೆಯಾಗಿ ಸ್ವಲ್ಪ ದಿನಕ್ಕೆ ಸೊಸೆಯ ತಾಯಿ ಮನೆಗೆ ಬಂದರು. ಈ ಬೀಗತಿ ನಿವೃತ್ತ ಗಣಿತದ ಟೀಚರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಒಬ್ಬರೇ ಬೆಳೆಸಿದವರು, ಮಾತು ಅಳೆದು ತೂಗಿ ಆಡುವವರು. ಹೆಂಡತಿಯೂ ಸೊಸೆಯೂ ಅಡುಗೆಮನೆಯಲ್ಲಿದ್ದಾಗ ಹಾಲ್‌ನಲ್ಲಿ ಯಜಮಾನರು ಮತ್ತು ಬೀಗತಿ ಇಬ್ಬರೇ ಉಳಿದರು. ಮಂಡಿನೋವಿನ ವಿಷಯ ಮುಗಿಯಿತು, ನೀರಿನ ಟ್ಯಾಂಕಿನ ವಿಷಯ ಮುಗಿಯಿತು, ಎದುರುಮನೆಯವರ ನಾಯಿಯ ವಿಷಯವೂ ಮುಗಿಯಿತು. ಇಬ್ಬರೂ ಫ್ಯಾನು ತಿರುಗುವುದನ್ನು ನೋಡುತ್ತ ಕೂತರು. ಬೀಗರ ಮುಂದೆ ಟಿವಿ ಹಾಕುವುದು ಮರ್ಯಾದೆಯಲ್ಲ, ಎದ್ದು ಹೋಗುವುದಂತೂ ಮೊದಲೇ ಅಲ್ಲ. ಬೇರೆ ದಾರಿ ಕಾಣದೆ ಯಜಮಾನರು ಕೆಳಗಿಳಿದು ಹೋಗಿ ನಾಲ್ಕು ಕಾಮಿಕ್ಸ್ ತಂದು ಆಕೆಯ ಮುಂದಿಟ್ಟರು.

ಬೀಗತಿ ಒಂದನ್ನು ಎತ್ತಿಕೊಂಡು ಲಕೋಟೆಯ ಮೇಲಿನ ಚೀಟಿ ನೋಡಿದರು.

“ಒಂಬತ್ತು ಅಂತ ಬರೆದಿದ್ದೀರಿ. ಹತ್ತಕ್ಕಾ?”

“ಹೌದು ಬೀಗರೇ. ಹತ್ತಕ್ಕೆ ಒಂಬತ್ತು ಅಂದ್ರೆ ತುಂಬಾ ಅಪರೂಪ.”

ಆಕೆ ಕೈಚೀಲದಿಂದ ಕನ್ನಡಕ ತೆಗೆದರು. ಯಜಮಾನರೇ ಮಾಡಿಕೊಟ್ಟ ಕನ್ನಡಕ, ಲೆನ್ಸು ಒಳ್ಳೆಯದು. ಪುಸ್ತಕವನ್ನು ಓರೆಯಾಗಿ ಹಿಡಿದರು, ಬೆನ್ನು ಸವರಿದರು, ಪುಟಗಳನ್ನು ಎಣಿಸಿದರು. ಆಮೇಲೆ ಕೆಳಗಿಟ್ಟರು.

“ಆರೂವರೆ.”

ಯಜಮಾನರು ನಕ್ಕರು. ಬೀಗರ ಮುಂದೆ ನಗಬೇಕಾಗುತ್ತದೆ. “ಅದು ಅನುಭವದ ಮೇಲೆ ಕೊಡೋದು ಬೀಗರೇ.”

“ಅನುಭವ ನನಗೂ ಇದೆ. ಪರೀಕ್ಷೆ ಬರೆದು ಹೊರಗೆ ಬರೋವಾಗ ಎಲ್ಲಾ ಮಕ್ಕಳೂ ಒಂಬತ್ತು ಬರುತ್ತೆ ಅಂತಾನೇ ಹೇಳ್ತಿದ್ವು.”

ಊರಿಗೆ ಹೋದ ಮೇಲೆ ಆಕೆ ಸುಮ್ಮನಿರಲಿಲ್ಲ. ಮಗಳಿಗೆ ಫೋನು ಮಾಡಿ, ಹೇಗೆಂದು ಕೇಳಿ, ಆ ಗುಂಪಿಗೆ ಸೇರಿಕೊಂಡರು. ಹೆಸರು ‘ಪರೀಕ್ಷಕಿ’. ಮೊದಲ ವಾರವೇ ಒಬ್ಬರ ಎಂಟನ್ನು ಐದಕ್ಕೆ ಇಳಿಸಿ, ಯಾತಕ್ಕೆಂದು ಕೆಳಗೆ ವಿವರಣೆಯನ್ನೂ ಬರೆದರು. ಆ ಮನುಷ್ಯ ಸಿಟ್ಟಾಗಿ ಗುಂಪು ಬಿಟ್ಟು ಹೋದ, ಎರಡು ದಿನ ಬಿಟ್ಟು ವಾಪಸ್ ಬಂದು ‘ಐದೇ ಸರಿ ಮೇಡಂ’ ಎಂದ. ವರ್ಷ ತುಂಬುವುದರೊಳಗೆ ಆಕೆ ಒಪ್ಪದ ಅಂಕವನ್ನು ಯಾರೂ ನಂಬದ ಹಾಗಾಯಿತು. ಭೂತಗನ್ನಡಿಯನ್ನು ಕೇಳುವವರಿಲ್ಲ. ಯಜಮಾನರಿಗೆ ಒಳಗೊಳಗೇ ಉರಿಯುತ್ತಿತ್ತು. ಆದರೆ ಆಕೆ ಬಂದಾಗಲೆಲ್ಲ ‘ಬನ್ನಿ ಬೀಗರೇ, ಆರಾಮಾಗಿ ಕೂತ್ಕೊಳ್ಳಿ’ ಎನ್ನುವುದನ್ನು ತಪ್ಪಿಸಲಿಲ್ಲ.

ಹೀಗಿರುವಾಗ ‘ಗೆದ್ದಲು’ ಎಂಬಾತ ಗುಂಪಿನಲ್ಲಿ ಒಂದು ಫೋಟೋ ಹಾಕಿದ. ಯಾವ ಹಳೇ ಕಪಾಟು ಕಂಡರೂ ಹೊಕ್ಕುಬಿಡುತ್ತಿದ್ದರಿಂದ ಅವನಿಗೆ ಆ ಹೆಸರು. ಫೋಟೋ ನೋಡಿದ ಯಜಮಾನರ ಕೈಯಲ್ಲಿದ್ದ ಗಿರಾಕಿಯ ಲೆನ್ಸು ಜಾರಿ ಬಿತ್ತು. ಅದು ‘ಮಿಂಚಿನ ಅಂಚೆಯಣ್ಣ’ದ ಕೊನೆಯ ಸಂಚಿಕೆ.

ಹಗಲು ಕಾಗದ ಹಂಚಿ, ಕತ್ತಲಾದ ಮೇಲೆ ಮುಸುಕು ಹಾಕಿಕೊಂಡು ಸೈಕಲ್ ಮೇಲೆ ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಅಂಚೆಯಣ್ಣನನ್ನು ಯಜಮಾನರು ಬಾಲ್ಯದಲ್ಲಿ ತಿಂಗಳು ತಿಂಗಳು ಕಾದು ಓದಿದ್ದರು. ಒಂದು ತಿಂಗಳು ಪುಸ್ತಕದಂಗಡಿಯವನು ‘ಅದು ನಿಂತುಹೋಯ್ತು ಕಣೋ, ಕೊನೇದು ಬಂದಿತ್ತು, ಖರ್ಚಾಯ್ತು’ ಎಂದ. ಅಷ್ಟೇ. ಅಂಚೆಯಣ್ಣನಿಗೆ ಏನಾಯಿತೆಂದು ಅವರಿಗೆ ಈ ತನಕ ತಿಳಿದಿರಲಿಲ್ಲ.

ಗೆದ್ದಲು ಮಾರುವುದಿಲ್ಲವೆಂದ. ಅದರ ಮೊದಲನೇ ಸಂಚಿಕೆ ಯಾರ ಹತ್ತಿರವಾದರೂ ಇದ್ದರೆ ಬದಲಿಗೆ ಕೊಡುತ್ತಾನಂತೆ. ಎಂಟಕ್ಕೆ ಕಡಿಮೆ ಇರಬಾರದು, ಅಂಕ ಪರೀಕ್ಷಕಿಯವರೇ ಕೊಡಬೇಕು.

ಮೊದಲನೇ ಸಂಚಿಕೆ ಯಜಮಾನರ ಬಳಿ ಇತ್ತು. ಅವರ ಸಂಗ್ರಹದ ಕಿರೀಟವೇ ಅದು. ಲಕೋಟೆಯ ಮೇಲೆ ಒಂಬತ್ತೂವರೆ ಎಂದು ಅವರದೇ ಅಕ್ಷರವಿತ್ತು.

“ನಿಮ್ಮತ್ತೆಗೆ ಒಂದು ಮಾತು ಹೇಳಿ ನೋಡೋ,” ಎಂದು ಮಗನಿಗೆ ಹೇಳಿದರು. ಮಗ ಹೆಂಡತಿಯ ಮುಖ ನೋಡಿದ.

“ಮಾವ, ಅಮ್ಮ ಎಂಟನೇ ಕ್ಲಾಸಲ್ಲಿ ನನ್ನನ್ನೇ ಫೇಲ್ ಮಾಡಿದ್ರು,” ಎಂದಳು ಸೊಸೆ. “ಎರಡು ಮಾರ್ಕ್ಸಲ್ಲಿ. ಆಮೇಲೆ ಮನೆಗೆ ಬಂದು ಅವರೇ ಸಮಾಧಾನ ಮಾಡಿದ್ರು.”

ಬೀಗತಿಯನ್ನು ಊಟಕ್ಕೆ ಕರೆದರು. ಹೆಂಡತಿ ಬಡಿಸಿದ್ದೇ ಬಡಿಸಿದ್ದು. ಯಜಮಾನರು ಎರಡೆರಡು ಸಲ ಒತ್ತಾಯ ಮಾಡಿದರು. ಆಕೆ ಎಷ್ಟು ಬೇಕೋ ಅಷ್ಟು ತಿಂದು, ಕೈ ತೊಳೆದು, ಒರೆಸಿಕೊಂಡು, “ತನ್ನಿ ನೋಡೋಣ,” ಎಂದರು.

ಮನೆಮಂದಿಯೆಲ್ಲ ಸುತ್ತ ನಿಂತರು. ಮುಖಪುಟದ ತುಂಬ ಕಡುಗೆಂಪು, ಅದರ ನಡುವೆ ಸೈಕಲ್ ಏರಿದ ಅಂಚೆಯಣ್ಣ. “ಈ ಕೆಂಪು ನೋಡಿ ಬೀಗರೇ,” ಎಂದರು ಯಜಮಾನರು. “ಇಷ್ಟು ವರ್ಷವಾದ್ರೂ ಬೆನ್ನಿನ ಹತ್ರ ಒಂದಿಷ್ಟೂ ಮಾಸಿಲ್ಲ. ಬೇರೆ ಯಾವ ಪ್ರತೀಲೂ ನಿಮಗಿದು ಸಿಗಲ್ಲ.” ಇದೇ ಮಾತನ್ನು ಅವರು ಮದುವೆಯಾದಾಗಿನಿಂದ ಬಂದವರಿಗೆಲ್ಲ ಹೇಳಿದ್ದರು.

ಬೀಗತಿ ಮುಖಪುಟ ತೆರೆದು ಅದರ ಒಳಮೈಯನ್ನು ಬೆಳಕಿಗೆ ಹಿಡಿದರು.

“ಬೇರೆ ಪ್ರತೀಲಿ ಸಿಗೋದಿಲ್ಲ ನಿಜ. ಪ್ರೆಸ್ಸಲ್ಲಿ ಹಾಕಿದ ಬಣ್ಣ ಒಳಗಡೆ ಇಳಿಯಲ್ಲ. ಇಲ್ಲಿ ನೋಡಿ, ಬೆನ್ನಿನುದ್ದಕ್ಕೂ ಇಳಿದಿದೆ. ಇದು ಸ್ಕೆಚ್ ಪೆನ್ನು.”

“ಸಾಧ್ಯವೇ ಇಲ್ಲ!” ಎಂದರು ಯಜಮಾನರು. “ಇದನ್ನ ನಾನು ಯಾರ ಕೈಗೂ ಕೊಟ್ಟಿಲ್ಲ.”

“ಅದಾ? ನಾನೇ ಹಚ್ಚಿದ್ದು,” ಎಂದಳು ಹೆಂಡತಿ, ಪಾತ್ರೆಯ ಮುಚ್ಚಳ ಹುಡುಕುತ್ತ. “ಅಲ್ಲಲ್ಲಿ ಬೆಳ್ಳಗೆ ಕಿತ್ತುಹೋಗಿತ್ತಲ್ಲ. ಬಣ್ಣ ಕೂಡ ಸರಿಯಾಗಿ ಹೊಂದಿತು.”

ಸೊಸೆ ನೀರು ತರುತ್ತೇನೆಂದು ಒಳಗೆ ಹೋದಳು, ಮಗ ಸಹಾಯಕ್ಕೆಂದು ಹಿಂದೆಯೇ ಹೋದ. ಒಂದು ಲೋಟ ನೀರಿಗೆ ಇಬ್ಬರು.

“ಕೆಲಸ ನೀಟಾಗಿದೆ,” ಎಂದು ಬೀಗತಿ ಹೆಂಡತಿಗೆ ಹೇಳಿದರು. ಆಮೇಲೆ ಯಜಮಾನರ ಕಡೆ ತಿರುಗಿ, “ನಾಲ್ಕು,” ಎಂದರು.

ಸಂಜೆಗೆ ಅದು ಗುಂಪಿನಲ್ಲಿ ಬಂತು. ಅದಲುಬದಲು ಮುರಿದುಬಿತ್ತು. ‘ಭೂತಗನ್ನಡಿಗೆ ಒಂದು ಕನ್ನಡಕ ಕೊಡಿಸಿ’ ಎಂದು ಯಾರೋ ಬರೆದರು, ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ಯಜಮಾನರಿಗೆ ಹೆಚ್ಚು ನೋವಾದದ್ದು ಆ ಮಾತು ಚೆನ್ನಾಗಿದೆ ಎಂಬುದಕ್ಕೆ.

ಎರಡು ದಿನ ಅವರು ಹೆಂಡತಿಯೊಡನೆ ‘ಹೂಂ’, ‘ಊಹೂಂ’ ಬಿಟ್ಟು ಬೇರೆ ಆಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳೇ ಕೇಳಿದಳು. “ಬೇಕಾದ್ರೆ ಅಳಿಸಿಕೊಡ್ಲಾ? ಒದ್ದೆಬಟ್ಟೇಲಿ ಒರೆಸಿದ್ರೆ ಹೋಗಬಹುದು.”

“ಮುಟ್ಟಬೇಡ ಮಾರಾಯ್ತಿ!” ಎಂದು ಯಜಮಾನರು ಹೌಹಾರಿದರು. ಮಾತು ಹೊರಬಿದ್ದಿದ್ದರಿಂದ ಮುಂದುವರಿಸಬೇಕಾಯಿತು. “ಅಲ್ಲ, ಯಾಕೆ ಹಚ್ಚೋಕೆ ಹೋದೆ?”

“ಮದುವೆಯಾಗಿ ಹೊಸದು. ನೀವು ಮುಖ ಸಣ್ಣ ಮಾಡ್ಕೊಂಡು ಕೂತಿರ್ತಿದ್ರಿ. ನನ್ನಿಂದ ಏನೋ ತಪ್ಪಾಗಿದೆ ಅಂತ ಹೆದರಿಕೊಂಡಿದ್ದೆ. ನೋಡಿದ್ರೆ ಆ ಪುಸ್ತಕ ಸವೆದಿದೆ ಅಂತ ಬೇಜಾರು. ಸದ್ಯ, ಇಷ್ಟೇನಾ ಅಂತ ಹಚ್ಚಿಬಿಟ್ಟೆ. ಆಮೇಲೆ ನೀವು ‘ಸವೆದೇ ಇಲ್ಲ, ನನ್ನ ಕಣ್ಣೇ ಮೋಸ ಮಾಡಿತ್ತು’ ಅಂತ ಚೆನ್ನಾಗೇ ಇದ್ರಿ.”

ಯಜಮಾನರು ಕೆಳಗಿಳಿದು ಹೋಗಿ ಗುಂಪಿನಲ್ಲಿ ಆ ಪುಸ್ತಕದ ಫೋಟೋ ಮತ್ತೆ ಹಾಕಿದರು. ‘ಅಂಕ: ನಾಲ್ಕು. ಬೆನ್ನಿಗೆ ಬಣ್ಣ ಹಚ್ಚಲಾಗಿದೆ. ಹಚ್ಚಿದವರು: ಮಾಲೀಕರ ಪತ್ನಿ. ಮಾರಾಟಕ್ಕೂ ಇಲ್ಲ, ಅದಲುಬದಲಿಗೂ ಇಲ್ಲ.’ ಈ ಸಲ ಯಾರೂ ನಗುವ ಮುಖ ಹಾಕಲಿಲ್ಲ. ಅದೇ ಮಧ್ಯಾಹ್ನ ಗಾಜಿನವನಿಗೂ ಫೋನು ಹೋಯಿತು.

ಮಾರನೆಯ ದಿನ ಬೀಗತಿ ಅಂಗಡಿಗೆ ಬಂದರು. ಮೇಲೆ ಹೋಗದೆ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತರು.

“ಬೇಜಾರಾಗಿದೆಯಾ ಬೀಗರೇ?”

“ಛೆ ಛೆ, ಎಲ್ಲಾದರೂ ಉಂಟೇ!”

“ಆಗಿದ್ರೂ ಮಾರ್ಕ್ಸ್ ಬದಲಾಗಲ್ಲ.”

“ಅದು ಗೊತ್ತು.”

“ಆ ಕೊನೇ ಸಂಚಿಕೆ ನಿಮಗೆ ಬೇಕಿದ್ದಿದ್ದು ಇಟ್ಕೊಳ್ಳೋಕಾ, ಓದೋಕಾ?”

ಗುಂಪಿನಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ ಅದು. ಯಜಮಾನರು ಕೈಯಲ್ಲಿದ್ದ ಫ್ರೇಮನ್ನು ಒರೆಸಿದರು, ಮತ್ತೊಮ್ಮೆ ಒರೆಸಿದರು. “ಓದೋಕೆ,” ಎಂದರು.

“ಓದೋಕೆ ಮಾರ್ಕ್ಸ್ ಯಾಕೆ ಬೇಕು? ಗೆದ್ದಲು ಅವರ ವಿಳಾಸ ತಗೊಂಡಿದ್ದೀನಿ. ಏಳಿ, ಬಸ್ಸಿದೆ.”

ಗೆದ್ದಲಿನದು ಪಟ್ಟಣದ ಇನ್ನೊಂದು ತುದಿಯಲ್ಲಿ ನಲ್ಲಿ, ಪೈಪುಗಳ ಅಂಗಡಿ. ಮೆತ್ತನೆಯ ದನಿಯ, ದಪ್ಪನೆಯ ಮನುಷ್ಯ. ಬಂದವರು ಪರೀಕ್ಷಕಿ ಎಂದು ತಿಳಿದದ್ದೇ ತಡ, ಬೆಂಚಿನಿಂದ ಎದ್ದು ಕೈಕಟ್ಟಿ ನಿಂತ. ಕುಳಿತುಕೊಳ್ಳಿ ಎಂದು ಆಕೆ ಹೇಳಿದ ಮೇಲೆಯೇ ಕುಳಿತ. ಒಳಗಿನಿಂದ ಪುಸ್ತಕ ತಂದ. ಅದು ನಾಲ್ಕೂ ಕಡೆ ಬೆಸೆದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿತ್ತು. ಅಂಕ ಕೊಡುವುದನ್ನೇ ಕಸುಬು ಮಾಡಿಕೊಂಡ ಕಂಪನಿಯೊಂದು ಒಂಬತ್ತೂ ಕಾಲು ಎಂದು ಮುದ್ರೆ ಒತ್ತಿ ಮುಚ್ಚಿಕೊಟ್ಟದ್ದು.

“ಒಳಗೆ ಕಥೆ ಏನಾಗುತ್ತೆ?” ಎಂದು ಯಜಮಾನರು ತಡೆಯಲಾರದೆ ಕೇಳಿದರು.

“ನಾನು ಓದಿಲ್ಲ ಸರ್. ಮುಚ್ಚಿದ್ದನ್ನೇ ತಗೊಂಡಿದ್ದು. ತೆಗೆದ್ರೆ ಬೆಲೆ ಹೋಗುತ್ತೆ.”

ಬೀಗತಿ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇದಕ್ಕೆ ನಾನು ಮಾರ್ಕ್ಸ್ ಕೊಡಕ್ಕಾಗಲ್ಲ.”

“ಆದ್ರೆ ಮೇಡಂ, ಒಂಬತ್ತೂ ಕಾಲು ಅಂತ ಅವರೇ...”

“ಅವರು ಕೊಟ್ಟಿರಬಹುದು. ಉತ್ತರಪತ್ರಿಕೆ ಬಿಚ್ಚಿ ನೋಡದೆ ನಾನು ಸಹಿ ಹಾಕೋಳಲ್ಲ. ನಡುವಿನ ಹಾಳೆ ಇದೆಯೋ ಇಲ್ಲವೋ ಯಾರಿಗೆ ಗೊತ್ತು?”

ಗೆದ್ದಲಿನ ಮುಖ ಕಳೆಗುಂದಿತು. ನಡುವಿನ ಹಾಳೆಯ ಯೋಚನೆ ಅವನಿಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಈಗ ಬಂತು, ಬಂದದ್ದು ಹೋಗಲಿಲ್ಲ. ಪೆಟ್ಟಿಗೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಒಬ್ಬ ಗಿರಾಕಿ ಬಂದು ವಾಷರ್ ಕೇಳಿದರೆ ‘ಇಲ್ಲ’ ಎಂದು ಕಳಿಸಿದ, ಹಿಂದೆ ಡಬ್ಬಿ ತುಂಬ ವಾಷರ್ ಇದ್ದವು. ಕೊನೆಗೆ ಪೈಪು ಕೊಯ್ಯುವ ಗರಗಸದ ಬ್ಲೇಡು ತಂದು, ಕಣ್ಣು ಅರ್ಧ ಮುಚ್ಚಿಕೊಂಡು, ಪೆಟ್ಟಿಗೆಯ ಅಂಚು ಕೊಯ್ದ.

ಬೀಗತಿ ಕೈ ತೊಳೆದು ಬಂದು ಪುಟಪುಟವನ್ನೂ ನೋಡಿದರು. ನಡುವಿನ ಹಾಳೆ ಇತ್ತು.

“ಒಂಬತ್ತು.”

ಆಕೆ ಒಂಬತ್ತು ಕೊಟ್ಟದ್ದು ಗುಂಪಿನ ಇತಿಹಾಸದಲ್ಲೇ ಮೊದಲು. ಗೆದ್ದಲಿನ ಕಣ್ಣು ತುಂಬಿಬಂತು. ಆ ಸಂಭ್ರಮದಲ್ಲಿ ಕಾಲು ಅಂಕ ಹೋದದ್ದು ಅವನ ಗಮನಕ್ಕೆ ಬರಲಿಲ್ಲ.

ಯಜಮಾನರು ಪೈಪಿನ ಕಟ್ಟಿನ ಮೇಲೆ ಕೂತು ಓದಿದರು. ಗೆದ್ದಲು ಹೆಗಲ ಮೇಲಿಂದ ಬಗ್ಗಿ ಓದಿದ. ಕಥೆ ಹೀಗಿತ್ತು: ಕಳ್ಳರ ನಾಯಕನನ್ನು ಹಿಡಿದುಕೊಟ್ಟ ಮರುದಿನ ಅಂಚೆಯಣ್ಣನಿಗೆ ಒಂದು ಸರಕಾರಿ ಲಕೋಟೆ ಬರುತ್ತದೆ. ವರ್ಗಾವಣೆ. ಅವನು ಸೈಕಲ್ಲಿಗೆ ಟ್ರಂಕು ಕಟ್ಟುತ್ತಾನೆ. ಕೊನೆಯ ಚಿತ್ರದಲ್ಲಿ ಮುಸುಕು ತೆಗೆಯುತ್ತಾನೆ, ಆದರೆ ಓದುಗರಿಗೆ ಬೆನ್ನು ಮಾಡಿಕೊಂಡು.

“ಇಷ್ಟೇನಾ?” ಎಂದ ಗೆದ್ದಲು.

“ಪ್ರಮೋಷನ್ ಮೇಲಾ?” ಎಂದು ಬೀಗತಿ ಕೇಳಿದರು.

“ಇಲ್ಲ, ಬರೀ ವರ್ಗಾವಣೆ,” ಎಂದರು ಯಜಮಾನರು.

“ಹಾಗಾದ್ರೆ ಮೇಲಿನವರ ಜೊತೆ ಏನೋ ತಕರಾರಿರಬೇಕು.”

ಯಜಮಾನರು ಕೊನೆಯ ಚಿತ್ರವನ್ನು ಮತ್ತೆ ನೋಡಿದರು. ನಿರಾಸೆಯಾಗಬೇಕಿತ್ತು, ಆಗಲಿಲ್ಲ. ಬಾಲ್ಯದಲ್ಲಿ ಮೂಗಿನ ತುದಿಯಲ್ಲಿ ನಿಂತುಬಿಟ್ಟ ಒಂದು ಸೀನು ಈಗ ಬಂದು ಹೋದ ಹಾಗೆ ಹಗುರಾಯಿತು. ಅಂಚೆಯಣ್ಣ ಸತ್ತಿರಲಿಲ್ಲ. ಬೇರೆ ಊರಿನಲ್ಲಿ ಕಾಗದ ಹಂಚುತ್ತಿದ್ದ. ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ಗೆದ್ದಲಿಗೆ ಕೊಟ್ಟರು. ಅವನು ಅದನ್ನು ಮೊದಲ ಪುಟದಿಂದ ಓದಲು ಕೂತ.

ವಾಪಸ್ ಬರುವಾಗ ಬಸ್ಸಿನಲ್ಲಿ ಬೀಗತಿ ಕಿಟಕಿಯ ಪಕ್ಕ ಕೂತಿದ್ದರು.

“ಒಂದು ಮಾತು ಬೀಗರೇ. ನಾನು ಇಷ್ಟೊಂದು ಕಾಮಿಕ್ಸ್ ತಿದ್ದಿದೆ, ಒಂದನ್ನೂ ಓದಿಲ್ಲ. ಹಗಲೆಲ್ಲ ಕಾಗದ ಹಂಚಿ, ರಾತ್ರಿಯೆಲ್ಲ ಕಳ್ಳರ ಹಿಂದೆ ಓಡಿದ್ರೆ ಆ ಮನುಷ್ಯ ಮಲಗೋದು ಯಾವಾಗ?”

“ಅದು ಒಂಬತ್ತನೇ ಸಂಚಿಕೇಲಿ ಬರುತ್ತೆ.”

“ಈಗ ಹೇಳಿ.”

“ಹಾಗೆ ಹೇಳಿದ್ರೆ ಏನೂ ಮಜಾ ಇರಲ್ಲ. ಮೊದಲಿಂದ ಬರಬೇಕು.”

“ಮೊದಲಿಂದಲೇ ಬನ್ನಿ. ನನಗೇನು ಕ್ಲಾಸಿಗೆ ಹೊತ್ತಾಗಿದೆಯಾ?”

ಯಜಮಾನರು ಶುರು ಮಾಡಿದರು. ಸೈಕಲ್ ಬೆಲ್ಲಿನ ಸದ್ದನ್ನೂ ಬಿಡಲಿಲ್ಲ. ಆಕೆ ನಡುನಡುವೆ ತಡೆದು, ‘ಆ ಕಳ್ಳ ಅಷ್ಟು ಬೇಗ ಅಲ್ಲಿಗೆ ಹೇಗೆ ತಲುಪಿದ, ದೂರ ಎಷ್ಟು?’ ಎಂದು ಕೇಳುತ್ತಿದ್ದರು, ಯಜಮಾನರು ಕಳ್ಳನ ಪರವಾಗಿ ವಾದಿಸುತ್ತಿದ್ದರು. ಕಂಡಕ್ಟರ್ ಬಂದು ಬಸ್ಸು ಇಲ್ಲಿಗೇ ನಿಲ್ಲುತ್ತದೆ, ಇಳಿಯಿರಿ ಎಂದಾಗಲೇ ಇಬ್ಬರೂ ಹೊರಗೆ ನೋಡಿದ್ದು. ಅವರ ಸ್ಟಾಪು ಯಾವಾಗಲೋ ಹಿಂದೆ ಹೋಗಿತ್ತು. ಇಳಿದು, ರಸ್ತೆ ದಾಟಿ, ಎದುರುಗಡೆಯಿಂದ ಬರುವ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತು ಐದನೇ ಸಂಚಿಕೆಯ ಕಥೆ ಮುಂದುವರಿಸಿದರು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಯಜಮಾನರ ಎರಡೂ ಕೈ ಸೈಕಲ್ ಹ್ಯಾಂಡಲ್ ಹಿಡಿದಂತೆ ಗಾಳಿಯಲ್ಲಿದ್ದವು, ಹಾಗಾಗಿ ಬೀಗತಿಯೇ ಎತ್ತಿದರು.

“ಎಲ್ಲಿದ್ದೀರಿ?” ಎಂದಳು ಹೆಂಡತಿ.

“ಐದರಲ್ಲಿದ್ದೀವಿ,” ಎಂದರು ಬೀಗತಿ.

“ಅಯ್ಯೋ, ಐದನೇ ನಂಬರ್ ಬಸ್ಸು ನಮ್ಮ ಕಡೆ ಬರೋದೇ ಇಲ್ವಲ್ಲ ಬೀಗರೇ!”